ಯಾರು ಕೊಟ್ಟ ಹಕ್ಕು?

ರಾಯಚೂರಿನ ಬೇಸಿಗೆಯಲ್ಲಿ ಮಧ್ಯಾಹ್ನವೂ ತಣ್ಣಗಿರುವ ಜಾಗವೆಂದರೆ ಸರ್ವರ್ ಕೋಣೆ. ನಾನು ಅಲ್ಲಿ ಕೂರುವುದಕ್ಕೆ ಎಸಿಯೊಂದೇ ಕಾರಣವಲ್ಲ ಎಂದರೆ ಗೆಳೆಯರು ನಂಬುವುದಿಲ್ಲ. ಮೇಲ್‌ಬಾಕ್ಸ್ ಅನುಮತಿಯ ಗಂಟು ಬಿಡಿಸುವುದು ನನಗೆ ಸಂಬಳದ ಕೆಲಸಕ್ಕಿಂತ ಹೆಚ್ಚಾಗಿ ಚಟ.

ನಾನು ನೋಡಿಕೊಳ್ಳುವ ಎಕ್ಸ್‌ಚೇಂಜ್ ಮೇಲ್ ಸರ್ವರಿನ ಮಾಲೀಕರಿಗೆ ಮಾನ್ವಿಯಲ್ಲಿ ಅಕ್ಕಿ ಗಿರಣಿ, ದೇವದುರ್ಗದಲ್ಲಿ ಹತ್ತಿ ಖರೀದಿ. "ಸರ್, ನನ್ ಮೇಲ್ ಎಲ್ಲಾ ಮಾನ್ವಿಯವ್ರಿಗೆ ಕಾಣ್ಲಿಕತ್ತಾವಂತ. ನಾನಂತೂ ಯಾರಿಗೂ ಕೊಟ್ಟಿಲ್ರಿ" ಎಂದು ದೇವದುರ್ಗದಿಂದ ಫೋನು ಬಂದರೆ ನನ್ನ ಕಿವಿ ನಿಮಿರುತ್ತದೆ. ಕೊಡದೆ ಹೋದದ್ದು ಬಹುಮಟ್ಟಿಗೆ ಮೇಲಿನಿಂದಲೇ ಇಳಿದಿರುತ್ತದೆ.

ಗೆಟ್-ಮೇಲ್‌ಬಾಕ್ಸ್‌ಪರ್ಮಿಷನ್ ಎಂದು ಹೊಡೆದರೆ ಪಟ್ಟಿ ಬರುತ್ತದೆ. ಯಾರಿಗೆ, ಯಾವ ಹಕ್ಕು, ಜೊತೆಗೆ ನನಗೆ ಬಲು ಇಷ್ಟದ ಕಾಲಂ: ಈಸ್‌ಇನ್‌ಹೆರಿಟೆಡ್. ಅಲ್ಲಿ ಟ್ರೂ ಎಂದಿದ್ದರೆ ಹಕ್ಕು ಮೇಲಿನಿಂದ ವಾರಸಾಗಿ ಬಂದದ್ದು, ಆಟ ಶುರು. ಆ ಸಾಲನ್ನು ಅಲ್ಲೇ ಅಳಿಸಹೋದರೆ ಸರ್ವರ್ ಹಳದಿ ಅಕ್ಷರದಲ್ಲಿ ಒಂದು ಎಚ್ಚರಿಕೆ ಉದುರಿಸಿ ಸುಮ್ಮನಾಗುತ್ತದೆ, ಸಾಲು ಅಲುಗುವುದಿಲ್ಲ. ಫೌತಿ ಖಾತೆಗೆ ಓಡಾಡಿದವರಿಗೆ ಇದು ಹೊಸದಲ್ಲ. ಹೊಲ ಮೊಮ್ಮಗ ಉಳುತ್ತಿದ್ದರೂ ಪಹಣಿಯಲ್ಲಿ ತಾತನ ಹೆಸರು. ಒಡ್ಡಿನ ಮೇಲೆ ನಿಂತು ಕೂಗಾಡಿದರೆ ಅದು ಬದಲಾಗದು, ತಹಶೀಲಿಗೇ ಹೋಗಬೇಕು.

ಇಲ್ಲಿಯ ತಹಶೀಲು ಎಡಿಎಸ್‌ಐ ಎಡಿಟ್, ಡೈರೆಕ್ಟರಿಯ ಮೂಲ ದಾಖಲೆಯನ್ನೇ ತೆರೆದು ತಿದ್ದುವ ಸಲಕರಣೆ. ಕಾನ್ಫಿಗರೇಶನ್, ಸರ್ವಿಸಸ್, ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಎಂದು ಒಂದೊಂದೇ ಗಂಟು ಬಿಚ್ಚುತ್ತ ಡೇಟಾಬೇಸಿನ ಸೆಕ್ಯುರಿಟಿಗೆ ಬಂದರೆ, ಯಾವ ಕಾಲದ್ದೋ ಒಂದು ಗುಂಪು 'ರಿಸೀವ್ ಆ್ಯಸ್' ಹಕ್ಕು ಹಿಡಿದು ಕೂತಿರುತ್ತದೆ. ಆ ಡೇಟಾಬೇಸಿನ ಮೇಲ್‌ಬಾಕ್ಸ್‌ಗಳೆಲ್ಲ ಅದಕ್ಕೆ ತೆರೆದಿರುತ್ತವೆ. ಮಾನ್ವಿಯ ಗುಮಾಸ್ತರನ್ನು ಯಾರೋ ಅದೇ ಗುಂಪಿಗೆ ಸೇರಿಸಿರುತ್ತಾರೆ. ಕೆಲವೊಮ್ಮೆ ಹೆಸರೂ ಇರದು. ಖಾತೆ ಅಳಿಸಿಹೋಗಿ ಎಸ್-1-5-21 ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಮಾತ್ರ ಉಳಿದಿರುತ್ತದೆ. ಯಾರಿಗೆ ಕೊಟ್ಟರು ಎಂಬುದು ಪಟ್ಟಿಯಲ್ಲಿದೆ, ಯಾರು ಕೊಟ್ಟರು ಎಂಬುದಿಲ್ಲ. ಈ ಪತ್ತೇದಾರಿಯ ರುಚಿ ಇರುವುದೇ ಅಲ್ಲಿ.

ಎಕ್ಸ್‌ಚೇಂಜ್ ತಾನಾಗಿ ಡೊಮೇನ್ ಅಡ್ಮಿನ್ಸ್ ಗುಂಪಿಗೆ ಮೇಲಿನಿಂದಲೇ 'ಡಿನೈ' ಬರೆದಿಟ್ಟಿರುತ್ತದೆ. ಬೀಗದಕೈ ಇರುವವನು ಎಲ್ಲರ ಪತ್ರ ಓದಬಾರದಲ್ಲ! ಆದರೆ ಅದೇ ಅಡ್ಮಿನ್ನಿಗೆ ಒಂದು ಮೇಲ್‌ಬಾಕ್ಸಿನ ಮೇಲೆ ನೇರವಾಗಿ ಫುಲ್ ಆ್ಯಕ್ಸೆಸ್ ಬರೆದುಕೊಟ್ಟರೆ ಅದು ತೆರೆಯುತ್ತದೆ. ವಾರಸಾಗಿ ಬಂದ ನಿರಾಕರಣೆಗಿಂತ ನೇರ ಅನುಮತಿಯೇ ಮೇಲು, ಅದಕ್ಕಿಂತ ಮೇಲು ನೇರ ನಿರಾಕರಣೆ. ನನಗಂತೂ ಇದು ನ್ಯಾಯವಾಗಿಯೇ ಕಾಣುತ್ತದೆ.

ಸಾಲು ಕಿತ್ತ ತಕ್ಷಣ ಫಲ ಸಿಗದು. ಇನ್ಫರ್ಮೇಶನ್ ಸ್ಟೋರ್ ಹಳೆಯದನ್ನು ಎರಡು ತಾಸಿನವರೆಗೂ ನೆನಪಿಟ್ಟುಕೊಂಡಿರಬಹುದು. ಸರ್ವಿಸ್ ರೀಸ್ಟಾರ್ಟ್ ಮಾಡಬಹುದು, ಆದರೆ ಹತ್ತಿ ಸೀಸನ್ನಿನಲ್ಲಿ ಎಲ್ಲರ ಔಟ್‌ಲುಕ್ ಕಡಿದುಹಾಕಿ ಬೈಸಿಕೊಳ್ಳುವವರು ಯಾರು? ತೀನ್ ಕಂದೀಲ್ ಕಡೆ ಹೋಗಿ ಮಂಡಾಳ ಒಗ್ಗರಣಿ, ಮಿರ್ಚಿ ತಿಂದು ಬರುವುದು ಲೇಸು.

ಅಷ್ಟರಲ್ಲಿ ಮಾನ್ವಿಯಿಂದ ಫೋನು: "ಸರ್, ದೇವದುರ್ಗದ ಮೇಲ್ ನಿನ್ನಿತನಕ ಕಾಣ್ತಿದ್ವು, ಇವತ್ತ ಕಾಣವಲ್ವು. ಜರಾ ರಿಪೇರಿ ಮಾಡ್ರಿ."