ಏಳರಲ್ಲಿ ನಿಂತ ಎಣಿಕೆ

ಮೂಗಿಗೆ ಮೊದಲು ಬಡಿಯುವುದು ವ್ಯಾಸಲೀನ್ ವಾಸನೆ. ನಿಮ್ಮ ಗುರು ವಾತ್ಯಾರ್ ಹೆಬ್ಬೆರಳಿನಿಂದ ಅದನ್ನು ನಿಮ್ಮ ಹುಬ್ಬಿಗೆ, ಕೆನ್ನೆಯ ಮೂಳೆಗೆ, ಮೂಗಿನ ಏಣಿಗೆ ದಪ್ಪಗೆ ಬಳಿಯುತ್ತಿದ್ದಾರೆ. ಹೊಡೆತ ಜಾರಲಿ, ಚರ್ಮ ಸೀಳದಿರಲಿ ಎಂದು. ಅವರು ಮಾತಾಡುವುದಿಲ್ಲ. ಮಾತಾಡಬೇಕಾದ್ದನ್ನೆಲ್ಲ ಈ ಮೂರು ವರ್ಷಗಳಲ್ಲಿ ಆಡಿಯಾಗಿದೆ. ಮೊದಲ ವರ್ಷವಿಡೀ ಅವರು ನಿಮಗೆ ಗ್ಲೌಸ್ ಮುಟ್ಟಲು ಬಿಡಲಿಲ್ಲ. ಕಾಲು, ಬರೀ ಕಾಲು. ಕಾಸಿಮೇಡಿನ ಮರಳಲ್ಲಿ ಬೆಳಕು ಹರಿಯುವ ಮೊದಲು ಓಟ, ಆಮೇಲೆ ಅಂಗಳದಲ್ಲಿ ಹಗ್ಗದಾಟ, ಆಮೇಲೆ ಬಂದರಿಗೆ ಕೂಲಿಗೆ.

1975. ಮದರಾಸು. ಪೆರಿಯಮೇಡಿನ ಕಣ್ಣಪ್ಪರ್ ತಿಡಲ್ ಎಂಬ ಬಯಲು. ಸಂಜೆಯ ಗಾಳಿಯಲ್ಲಿ ತೊಗಲಿನ ವಾಸನೆ ಇದೆ, ಏಕೆಂದರೆ ಈ ಪೇಟೆ ಬದುಕುವುದೇ ತೊಗಲಿನ ವ್ಯಾಪಾರದಿಂದ. ನಿಮ್ಮ ಕೈಯಲ್ಲೂ ಅದೇ ವಾಸನೆ. ನಿಮಗಿಂತ ಮುಂಚೆ ಎಷ್ಟೋ ಜನರ ಬೆವರು ಕುಡಿದ ಗ್ಲೌಸ್ ಇವು, ಒಳಗೆ ತುಂಬಿದ್ದು ಗಂಟುಗಂಟಾಗಿದೆ. ಪಟ್ಟಿ ಎಷ್ಟು ಬಿಗಿಯಾಗಿದೆಯೆಂದರೆ ಬೆರಳ ತುದಿಗಳಲ್ಲಿ ನಾಡಿ ಬಡಿಯುವುದು ಗೊತ್ತಾಗುತ್ತದೆ.

ಮೈಕಿನಲ್ಲಿ ಒಬ್ಬ ಕೂಗುತ್ತಿದ್ದಾನೆ: ರೋಷಮಾನ ಆಂಗಿಲ ಕುತ್ತುಚ್ಚಂಡೈ! ರೋಷದ ಇಂಗ್ಲಿಷ್ ಗುದ್ದಾಟ. ಗೋಡೆಯ ಪೋಸ್ಟರುಗಳಲ್ಲೂ ಅದೇ ಅಕ್ಷರ. ಆಮೇಲೆ ಅವನು ನಿಮ್ಮ ಹೆಸರು ಹೇಳುತ್ತಾನೆ, ಯಾರೂ ಕದಲುವುದಿಲ್ಲ. ಅದರ ಹಿಂದೆಯೇ ಇನ್ನೊಂದು ಹೆಸರು ಸೇರಿಸುತ್ತಾನೆ: ಸಾರ್ಪಟ್ಟಾ ಪರಂಬರೈ. ಬಯಲಿನ ಅರ್ಧ ಎದ್ದು ನಿಲ್ಲುತ್ತದೆ. ಎದುರು ಮೂಲೆಯವನ ಹೆಸರಿನ ಜೊತೆಗೆ ಇಡಿಯಪ್ಪ ನಾಯ್ಕರ್ ಪರಂಬರೈ. ಉಳಿದರ್ಧವೂ ಎದ್ದಿತು. ಕುರ್ಚಿಗಳ ಕಬ್ಬಿಣದ ಕಾಲು ನೆಲಕ್ಕೆ ಉಜ್ಜುವ ಸದ್ದು ನಿಮ್ಮ ಹಲ್ಲಿಗೇ ತಾಗುತ್ತದೆ.

ನೀವು ಯಾರ ಮಗ, ಯಾವ ಓಣಿಯವನು ಎಂಬುದೆಲ್ಲ ಈ ಬಯಲಿನಲ್ಲಿ ಆಮೇಲೆ. ಮೊದಲು ಪರಂಪರೆ. ಬಾಕ್ಸಿಂಗ್ ಈ ಊರಿಗೆ ಬಂದದ್ದು ಬಿಳಿಯರ ಜೊತೆ, ಕೋಟೆಯ ಸಿಪಾಯಿಗಳ, ಹಡಗಿನ ನಾವಿಕರ, ರೈಲ್ವೆಯ ಆಂಗ್ಲೋ ಇಂಡಿಯನ್ನರ ಜೊತೆ. ನೋಡುತ್ತ ನಿಂತ ಕೂಲಿಗಳು, ಮೀನುಗಾರರು ಅದನ್ನು ಕಲಿತು ತಮ್ಮದು ಮಾಡಿಕೊಂಡರು. ರಾಯಪುರಂ, ಕಾಸಿಮೇಡು, ಪುಳಿಯಂತೋಪು, ವ್ಯಾಸರ್‌ಪಾಡಿಯ ಅಂಗಳಗಳಲ್ಲಿ ಅದು ಮನೆತನಗಳಾಗಿ ಕವಲೊಡೆಯಿತು. ಸಾರ್ಪಟ್ಟಾ, ಇಡಿಯಪ್ಪ ನಾಯ್ಕರ್, ಎಲ್ಲಪ್ಪ ಚೆಟ್ಟಿಯಾರ್. ರಕ್ತಸಂಬಂಧ ಇರಲೇಬೇಕೆಂದಿಲ್ಲ. ಮೀನುಗಾರರ ಹುಡುಗ, ದಲಿತರ ಹುಡುಗ, ಕ್ರೈಸ್ತರ, ಮುಸಲ್ಮಾನರ ಹುಡುಗ ಒಂದೇ ಮೂಟೆಗೆ ಗುದ್ದಿ ಬೆಳೆಯುತ್ತಾರೆ. ಮೈಸೂರಿನ ಗರಡಿಯಲ್ಲಿ ಉಸ್ತಾದರಿಗೆ ಇರುವ ಸ್ಥಾನ ಇಲ್ಲಿ ವಾತ್ಯಾರಿಗೆ.

ಗಂಟೆ ಹೊಡೆಯಿತು.

ಹಲಗೆಯ ಮೇಲೆ ಬಿಗಿದ ದಪ್ಪ ಕ್ಯಾನ್ವಾಸ್ ಕಾಲಡಿ ಟೊಳ್ಳಾಗಿ ಸದ್ದು ಮಾಡುತ್ತದೆ. ಅವನು ನಿಮಗಿಂತ ಅರ್ಧ ಗೇಣು ಎತ್ತರ. ಎಡಗೈಯನ್ನು ಮುಂದೆ ಚಾಚಿ ನಿಮ್ಮ ಹಣೆಯನ್ನು ಮುಟ್ಟಿ ಮುಟ್ಟಿ ನೋಡುತ್ತಾನೆ, ಬಾಗಿಲು ಬಡಿಯುವವನ ಹಾಗೆ. ನೀವು ತಲೆ ತಗ್ಗಿಸಿ ಒಳಗೆ ನುಗ್ಗುತ್ತೀರಿ. ಎರಡು ಗುದ್ದು ಪಕ್ಕೆಗೆ ಕೊಟ್ಟು ಹೊರಬರುವಷ್ಟರಲ್ಲಿ ಕಿವಿಯ ಮೇಲೊಂದು ಬೀಳುತ್ತದೆ. ನೋವಿಲ್ಲ, ಬರೀ ಗುಂಯ್ ಎನ್ನುವ ಶಬ್ದ. ಮೂರು ನಿಮಿಷ ಇಷ್ಟು ಉದ್ದವೆಂದು ಯಾರೂ ಹೇಳಿರಲಿಲ್ಲ.

ಮೂಲೆಯಲ್ಲಿ ಒಂದು ನಿಮಿಷ. ತಣ್ಣೀರಿನ ಸ್ಪಂಜು ನೆತ್ತಿಯ ಮೇಲೆ ಹಿಂಡುತ್ತಾರೆ. ಬಕೆಟ್ಟಿಗೆ ಉಗುಳುತ್ತೀರಿ, ನೀರು ಗುಲಾಬಿಯಾಗುತ್ತದೆ. ಹಿಂದಿನ ಸಾಲಿನ ಮುದುಕರೊಬ್ಬರು ಹಗ್ಗಕ್ಕೆ ಬಾಯಿಟ್ಟು ಕೂಗುತ್ತಿದ್ದಾರೆ: "ಕಿತ್ತೇರಿ ಮುತ್ತುವಿನ ಅಂಗಳದವನು ನೀನು, ನೆನಪಿರಲಿ ತಂಬಿ!" ನೆನಪಿದೆ. ನೆನಪು ಮಾಡಿಕೊಳ್ಳುವುದು ಬೇಡವೆಂದರೂ ಬಿಡುವವರಿಲ್ಲ. ನ್ಯಾಟ್ ಟೆರ್ರಿ ಎಂಬ ಆಂಗ್ಲೋ ಇಂಡಿಯನ್ ಬಾಕ್ಸರ್ ಎದುರಾದವರನ್ನೆಲ್ಲ ಮಲಗಿಸುತ್ತಿದ್ದ ಕಾಲದಲ್ಲಿ ಅವನನ್ನು ಸೋಲಿಸಿದವನು ಸಾರ್ಪಟ್ಟಾದ ಕಿತ್ತೇರಿ ಮುತ್ತು. ಪೆರಿಯಾರ್ ಅವನನ್ನು ದ್ರಾವಿಡ ವೀರನ್ ಎಂದು ಕರೆದರು ಎನ್ನುತ್ತಾರೆ ಇಲ್ಲಿನ ಜನ. ನೀವು ಹುಟ್ಟುವ ಮೊದಲಿನ ಆ ಗೆಲುವು ಈಗ ನಿಮ್ಮ ಹೆಗಲ ಮೇಲೆ ಕೂತಿದೆ.

ಎರಡನೇ ರೌಂಡಿನ ನಡುವಿನಲ್ಲಿ ಅದು ಆಗುತ್ತದೆ.

ನಿಮ್ಮ ಬಲಗೈ ಒಂದು ಅಂಗುಲ ಮೇಲೆದ್ದಿದೆ. ಅವನಿಗೆ ಅಷ್ಟು ಸಾಕು. ಎಡಗೈ ಹುಕ್ ಕೆಳಗಿನಿಂದ ಸುತ್ತಿ ಬಂದು ನಿಮ್ಮ ಬಲಪಕ್ಕೆಯ ಅಂಚಿಗೆ, ಎಲುಬು ಮುಗಿಯುವ ಕಡೆ, ಯಕೃತ್ತಿನ ಮೇಲೆ ಕೂರುತ್ತದೆ. ಒಂದು ಕ್ಷಣ ಏನೂ ಇಲ್ಲ. ನೀವು ಮುಂದಿನ ಹೆಜ್ಜೆಯನ್ನೂ ಇಡುತ್ತೀರಿ. ಆಮೇಲೆ ಒಳಗಿನಿಂದ ಯಾರೋ ದಾರ ಕತ್ತರಿಸುತ್ತಾರೆ. ಮಂಡಿ ನೆಲಕ್ಕೆ. ಉಸಿರು ಒಳಗೂ ಇಲ್ಲ, ಹೊರಗೂ ಇಲ್ಲ.

ಒಂದು, ಎನ್ನುತ್ತಾನೆ ರೆಫ್ರಿ.

ದವಡೆಗೆ ಬಿದ್ದ ಹೊಡೆತವಾಗಿದ್ದರೆ ಮಂಪರು ಕವಿದು ಎಲ್ಲ ಸಲೀಸಾಗುತ್ತಿತ್ತು. ಈ ಹೊಡೆತ ತಲೆಯನ್ನು ಮುಟ್ಟುವುದೇ ಇಲ್ಲ. ಬುದ್ಧಿ ತಿಳಿಯಾಗಿದೆ, ಎಲ್ಲ ಕೇಳುತ್ತದೆ, ಎಲ್ಲ ಕಾಣುತ್ತದೆ. ದೇಹ ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ. ಎರಡು. ಕ್ಯಾನ್ವಾಸಿನ ಮೇಲೆ ಒಣಗಿದ ಕಂದು ಕಲೆ, ಹಿಂದಿನ ಜೋಡಿಯವರದು. ಮೂರು. ಮೂಲೆಯಲ್ಲಿ ವಾತ್ಯಾರ್. ಅವರ ಹೆಗಲಲ್ಲಿ ಟವೆಲ್. ಅವರ ಕೈ ಟವೆಲ್ಲಿನ ಮೇಲಿದೆ.

ಈ ಪರಂಪರೆಗಳ ಕತೆಯಲ್ಲಿ ನನಗೆ ಗೆಲುವುಗಳಿಗಿಂತ ದೊಡ್ಡದಾಗಿ ಕಾಣುವುದು ಆ ಕೈ. ಟವೆಲ್ ಒಳಗೆ ಬಿದ್ದರೆ ಕಾಳಗ ಮುಗಿಯಿತು, ಹುಡುಗನ ಮೈ ಉಳಿಯಿತು. ಆದರೆ ನಾಳೆಯಿಂದ ಬಂದರಿನ ಸಾಲಿನಲ್ಲಿ, ಚಹಾ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಒಂದು ಇಡೀ ಪೇಟೆ ತಲೆ ತಗ್ಗಿಸಿ ನಡೆಯಬೇಕು. ಇನ್ನೊಂದು ಪಂದ್ಯ ಗೊತ್ತಾಗಿ, ಅದನ್ನು ಗೆದ್ದು, ಈ ಲೆಕ್ಕ ತೀರಿಸುವವರೆಗೆ. ಒಬ್ಬ ಹುಡುಗನ ಪಕ್ಕೆಯ ಮೇಲೆ ಇಷ್ಟು ಜನರ ಮಾನವನ್ನು ಹೇರುವುದು ನ್ಯಾಯವಲ್ಲ. ಆದರೆ ಕಲ್ಲಿದ್ದಲ ದೂಳು ನುಂಗುತ್ತ ಮೂಟೆ ಹೊರುವವನಿಗೆ, ಹೆಸರು ಹಿಡಿದು ಕರೆಯುವವರೂ ಇಲ್ಲದವನಿಗೆ, ಸಾವಿರಾರು ಜನ ಎದ್ದು ನಿಲ್ಲುವಂಥ ಒಂದು ಹೆಸರನ್ನು ಬೇರೆ ಯಾರು ಕೊಟ್ಟರು? ಪರಂಪರೆ ಕೊಟ್ಟಿತು.

ಐದು. ನೀವು ವಾತ್ಯಾರನ್ನು ನೋಡಿ ತಲೆ ಅಲ್ಲಾಡಿಸುತ್ತೀರಿ. ಬೇಡ. ಆರು. ಅವರ ಕೈ ಟವೆಲ್ಲಿನಿಂದ ಇಳಿಯುತ್ತದೆ. ಏಳು. ಒಂದು ಕಾಲು ಊರಿದ್ದೀರಿ. ಎಂಟಕ್ಕೆ ಎದ್ದು ನಿಂತಾಗ ಉಸಿರು ಬರುತ್ತದೆ, ಒಣ ಬಟ್ಟೆ ಹರಿದ ಸದ್ದಿನಲ್ಲಿ.

ಉಳಿದ ರೌಂಡು ಹೇಗೆ ಕಳೆಯಿತೋ ತಿಳಿಯದು. ಹಿಡಿಯುತ್ತೀರಿ, ತಬ್ಬುತ್ತೀರಿ, ಅವನ ಬೆವರು ನಿಮ್ಮ ಬಾಯಿಗೆ ಬರುತ್ತದೆ. ಅವನೂ ಹೊಡೆದು ಹೊಡೆದು ದಣಿದಿದ್ದಾನೆಂದು ಅವನ ಎದೆಯ ಬಡಿತದಿಂದ ಗೊತ್ತಾಗುತ್ತದೆ. ಇದು ಹೊರಗಿನವರಿಗೆ ಕಾಣುವ ಸಂಗತಿಯಲ್ಲ. ಇಬ್ಬರಿಗಷ್ಟೇ ಗೊತ್ತು.

ನಾಲ್ಕನೇ ರೌಂಡು. ಬಯಲಿನ ಒಂದು ಬದಿಯಲ್ಲಿ ಡಿಎಂಕೆಯ ಕಪ್ಪು ಕೆಂಪು ಬಾವುಟ, ಇನ್ನೊಂದು ಬದಿಯಲ್ಲಿ ಅದೇ ಬಾವುಟದ ನಡುವೆ ಅಣ್ಣಾದುರೈ ಚಿತ್ರ. 1972ರಲ್ಲಿ ಚಿತ್ರನಟ ಎಂಜಿಆರ್ ಡಿಎಂಕೆಯಿಂದ ಹೊರಬಂದು ಬೇರೆ ಪಕ್ಷ ಕಟ್ಟಿದಂದಿನಿಂದ ಗುದ್ದಿಗೂ ಬಣ್ಣ ಬಂದಿದೆ. ನೀವು ಯಾವುದನ್ನೂ ಹಿಡಿದವರಲ್ಲ, ನಿಮ್ಮ ಕೈ ತುಂಬ ಗ್ಲೌಸ್. ಅವನು ಮತ್ತೆ ಎಡಗೈ ಚಾಚುತ್ತಾನೆ. ಹಿಂತೆಗೆಯುವಾಗ ಕೆಳಗಿಳಿಸುತ್ತಾನೆ. ಒಮ್ಮೆ. ಇನ್ನೊಮ್ಮೆ. ಮೂರು ವರ್ಷದ ಮರಳಿನ ಓಟ ಈಗ ಕಾಲಿಗೆ ಬರುತ್ತದೆ. ಅರ್ಧ ಹೆಜ್ಜೆ ಹೊರಗೆ, ಸೊಂಟ ತಿರುವಿ, ಬಲಗೈ. ಗೆಣ್ಣಿನಿಂದ ಭುಜದವರೆಗೆ ಒಂದು ಗಟ್ಟಿ ಸಿಹಿ ನೋವು. ಅವನು ಬಿದ್ದ ಸದ್ದಿಗೆ ಹಲಗೆ ಗುಡುಗುತ್ತದೆ.

"ವಿಡಾದೇ! ವಿಡಾದೇ!" ಬಿಡಬೇಡ ಎನ್ನುತ್ತಿದೆ ಬಯಲು. ನೀವು ದೂರದ ಮೂಲೆಗೆ ಹೋಗಿ ನಿಲ್ಲುತ್ತೀರಿ. ಒಂದು. ಎರಡು. ಅವನ ಕಣ್ಣು ತೆರೆದಿದೆ. ಮೂರು. ಅವನು ಏಳಲಿ ಎಂದು ಒಳಗೆಲ್ಲೋ ಅನಿಸುತ್ತದೆ. ಏಳದಿರಲಿ ಎಂದೂ ಅನಿಸುತ್ತದೆ. ನಾಲ್ಕು. ಐದು. ಅವನ ಕೈ ಹಗ್ಗ ಹುಡುಕುತ್ತಿದೆ. ಆರು. ಏಳು.

ಕುರ್ಚಿ ಬರುತ್ತದೆ. ಎಲ್ಲಿಂದ ಬಂತೋ, ಕಬ್ಬಿಣದ ಮಡಚುಕುರ್ಚಿ, ದೀಪದ ಕೆಳಗೆ ಒಮ್ಮೆ ಹೊಳೆದು ರಿಂಗಿನ ನಡುವೆ ಬೀಳುತ್ತದೆ. ಇನ್ನೊಂದು. ಸೋಡಾ ಬಾಟಲಿ ಒಡೆಯುತ್ತದೆ. ರೆಫ್ರಿ ಬಾಗಿ ಓಡುತ್ತಾನೆ. ಹಗ್ಗದ ಮೇಲೆ ಜನ, ಹಗ್ಗದ ಕೆಳಗೆ ಜನ. ದೀಪ ಆರುತ್ತದೆ. ವಾತ್ಯಾರ್ ನಿಮ್ಮ ಕುತ್ತಿಗೆ ಹಿಡಿದು ನೆಲಕ್ಕೆ ಒತ್ತಿ ಮೇಲೆ ಮಲಗುತ್ತಾರೆ, ಅವರ ಬೆನ್ನಿನ ಮೇಲೆ ಏನೋ ಬಿದ್ದದ್ದು ನಿಮಗೆ ಅವರ ಎದೆಯ ಮೂಲಕ ತಿಳಿಯುತ್ತದೆ. ಪೊಲೀಸರ ಸೀಟಿ. ಎಂಟು ಎಂದು ಹೇಳುವವರು ಯಾರೂ ಇಲ್ಲ.

ಈ ಬಗೆಯ ಕಾಳಗಕ್ಕೆ ಕೊನೆ ಬಂದದ್ದು ಒಂದೇ ದಿನದಲ್ಲಲ್ಲ. ರಿಂಗಿನ ಜಗಳ ಬೀದಿಗೆ ಇಳಿದಷ್ಟೂ ಪೊಲೀಸರಿಂದ ಅನುಮತಿ ಪಡೆಯುವುದು ಕಷ್ಟವಾಗುತ್ತ ಹೋಯಿತು. 1976ರ ಜನವರಿ 31ರಂದು ತುರ್ತುಪರಿಸ್ಥಿತಿಯ ನಡುವೆ ಡಿಎಂಕೆ ಸರ್ಕಾರ ವಜಾ ಆಯಿತು, ಓಣಿಗಳಿಂದ ಪಕ್ಷದವರನ್ನು ಹಿಡಿದೊಯ್ದರು. 1974ರಲ್ಲಿ ಮತ್ತೆ ಜಾರಿಗೆ ಬಂದ ಪಾನನಿಷೇಧ ಕಳ್ಳಭಟ್ಟಿಗೆ ದಾರಿ ಮಾಡಿತ್ತು, ಆ ದಂಧೆಗೆ ಗಟ್ಟಿ ತೋಳು ಬೇಕಿತ್ತು. ಗುದ್ದಲು ಬರುವ ಹುಡುಗರು, ಗುದ್ದಲು ಪಂದ್ಯವಿಲ್ಲದ ಹುಡುಗರು. ಅವರಲ್ಲಿ ಕೆಲವರು ಎಲ್ಲಿಗೆ ಹೋದರೆಂದು ಹೇಳುವಾಗ ಆ ಅಂಗಳದವರು ಇಂದಿಗೂ ದನಿ ತಗ್ಗಿಸುತ್ತಾರೆ.

ನೀವು ಬಂದರಿನಲ್ಲೇ ಉಳಿಯುತ್ತೀರಿ. ಬಲಪಕ್ಕೆ ಮಳೆಗಾಲದಲ್ಲಿ ಚುಚ್ಚುತ್ತದೆ.

1980, ಜನವರಿ ಮುಗಿಯುವ ಹೊತ್ತು. ಪೆರಿಯಮೇಡಿಗೆ ಹೊಂದಿಕೊಂಡ ನೆಹರೂ ಕ್ರೀಡಾಂಗಣ. ಹೆಗಲಿಗೆ ಹೆಗಲು ತಾಗಿ ನಿಂತಿದ್ದೀರಿ, ಎಡಕ್ಕೆ ಸಾರ್ಪಟ್ಟಾದವರು, ಬಲಕ್ಕೆ ಇಡಿಯಪ್ಪದವರು, ಹೊಡೆದಾಡಲು ಯಾರಿಗೂ ನೆನಪಿಲ್ಲ. ಹಗ್ಗದ ಒಳಗೆ ಮಹಮ್ಮದ್ ಅಲಿ. 38 ತುಂಬಿದ ಮೈ, ಸೊಂಟದ ಸುತ್ತ ಸ್ವಲ್ಪ ದಪ್ಪ. ಎದುರಿಗೆ ಜಿಮ್ಮಿ ಎಲ್ಲಿಸ್, ಲೂಯಿವಿಲ್‌ನ ಬಾಲ್ಯದ ಗೆಳೆಯ, ಒಂದು ಕಾಲದ ಡಬ್ಲ್ಯುಬಿಎ ಹೆವಿವೇಟ್ ಚಾಂಪಿಯನ್. 1971ರಲ್ಲಿ ಹೂಸ್ಟನ್ನಿನಲ್ಲಿ ಅಲಿ ಇವನನ್ನು 12ನೇ ರೌಂಡಿನಲ್ಲಿ ನಿಲ್ಲಿಸಿದ್ದ. ಇಂದಿನದು ಪ್ರದರ್ಶನ ಪಂದ್ಯ, ಯಾರೂ ಬೀಳಬೇಕಿಲ್ಲ. ಮುಖ್ಯಮಂತ್ರಿ ಎಂಜಿಆರ್ ಬಂದಿದ್ದಾರೆ. ಕಪ್ಪು ಕನ್ನಡಕ, ಬಿಳಿ ಟೋಪಿ. ಅವರನ್ನೂ ಜನ ವಾತ್ಯಾರ್ ಎಂದೇ ಕರೆಯುತ್ತಾರೆ.

ಅಲಿ ಕುಣಿಯುತ್ತಾನೆ. ನಿಮ್ಮ ಕಣ್ಣು ಅವನ ಮುಖಕ್ಕೆ ಹೋಗುವುದಿಲ್ಲ, ಕಾಲಿಗೆ ಹೋಗುತ್ತದೆ. ಹಿಮ್ಮಡಿ ನೆಲ ಮುಟ್ಟುತ್ತಿಲ್ಲ. ನಿಮ್ಮ ಮೊದಲ ವರ್ಷವೆಲ್ಲ ಗಂಟಲಿಗೆ ಬಂದು ನಿಲ್ಲುತ್ತದೆ. ಸರಿಯಾಗಿಯೇ ಕಲಿಸಿದ್ದರು, ಕಾಸಿಮೇಡಿನ ಮರಳಿನಲ್ಲಿ, ಜಗತ್ತು ಕಾಣದ ಒಬ್ಬ ವಾತ್ಯಾರ್. ಅದೇ ದಿನಗಳಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್ ಅವರ ಕೋರಿಕೆ ಅಲಿಯನ್ನು ತಲುಪುತ್ತದೆ: ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕಾರಕ್ಕೆ ಬೆಂಬಲ ಕೇಳಲು ಆಫ್ರಿಕಾಕ್ಕೆ ಹೊರಡು. ಭಾರತದಿಂದಲೇ ಅವನು ತಾಂಜಾನಿಯಾಕ್ಕೆ ಹಾರುತ್ತಾನೆ. ಫೆಬ್ರವರಿ 17ಕ್ಕೆ ಎಂಜಿಆರ್ ಸರ್ಕಾರವನ್ನೂ ದಿಲ್ಲಿ ವಜಾ ಮಾಡುತ್ತದೆ.

2021, ಜುಲೈ. ಮೊಮ್ಮಗ ಮೊಬೈಲನ್ನು ನಿಮ್ಮ ಮುಂದೆ ಹಿಡಿದಿದ್ದಾನೆ. ಪಾ. ರಂಜಿತ್ ಅವರ ‘ಸಾರ್ಪಟ್ಟಾ ಪರಂಬರೈ’ ಸಿನಿಮಾ ಬಂದಿದೆ. ಪಶುಪತಿ ವಾತ್ಯಾರ್ ರಂಗನ್ ಆಗಿದ್ದಾರೆ, ಆರ್ಯ ಕಬಿಲನ್ ಎಂಬ ಹುಡುಗ, ಮತ್ತು ಕುಣಿಯುತ್ತಲೇ ಹೊಡೆಯುವ ಡ್ಯಾನ್ಸಿಂಗ್ ರೋಸ್. ಓಣಿಯಲ್ಲಿ ಯಾರ ಬಾಯಲ್ಲೂ ಬೇರೆ ಮಾತಿಲ್ಲ. ನಮ್ಮ ಬೆವರನ್ನು ಕೊನೆಗೂ ಯಾರೋ ತೋರಿಸಿದರು ಎಂದು ಕೆಲವರು. ಎಂಜಿಆರ್ ಅವರನ್ನು ಕ್ರೀಡೆಗೆ ದೂರವಾದವರಂತೆ ತೋರಿಸಿದ್ದು ತಪ್ಪು, ಮಹಮ್ಮದ್ ಅಲಿಯನ್ನು ಈ ಊರಿಗೆ ಕರೆತಂದವರು ಯಾರು ಎಂದು ರಾಯಪುರಂನ ಮಾಜಿ ಶಾಸಕ, ಅಣ್ಣಾ ಡಿಎಂಕೆಯ ಡಿ. ಜಯಕುಮಾರ್ ಕೇಳುತ್ತಾರೆ. ಸುಮಾರು ಐವತ್ತು ವರ್ಷದ ಹಿಂದಿನ ಬಯಲು ಮತ್ತೆ ಎರಡು ಭಾಗವಾಗಿದೆ.

"ತಾತಾ, ಯಾರು ಹೇಳಿದ್ದು ಸರಿ?" ಎಂದು ಹುಡುಗ ಕೇಳುತ್ತಾನೆ.

ನಿಮ್ಮ ಗಮನ ಪರದೆಯ ಮೇಲಿನ ಕಬಿಲನ್ ಕಡೆಗಿದೆ. ಹೊಡೆದು ಕೈ ಹಿಂತೆಗೆಯುವಾಗ ಅವನು ಗಾರ್ಡ್ ಇಳಿಸಿದ ಹಾಗೆ ಕಂಡಿತು. "ನಿಲ್ಲಿಸು, ಸ್ವಲ್ಪ ಹಿಂದಕ್ಕೆ ತಗೋ" ಎನ್ನುತ್ತೀರಿ. ಹುಡುಗ ಬೆರಳಿಂದ ಎಳೆಯುತ್ತಾನೆ. ನೀವು ಕುರ್ಚಿಯ ಕೈ ಹಿಡಿದು ಏಳುತ್ತೀರಿ, ಎಡಗಾಲು ಮುಂದಿಡುತ್ತೀರಿ, ಅವನ ಬಲಗೈಯನ್ನು ಹಿಡಿದು ಗಲ್ಲದ ಹತ್ತಿರ ಕೂರಿಸುತ್ತೀರಿ. "ಇಲ್ಲಿರಬೇಕು. ಈಗ ಹೊಡಿ ನೋಡೋಣ."