ಕಪಾಟಿನ ಸಾಬೂನು

ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಶಬ್ದರೂಪಗಳನ್ನೂ ಸಂಧಿಗಳನ್ನೂ ಹೇಳಿಕೊಟ್ಟ ನಿವೃತ್ತ ಉಪಾಧ್ಯಾಯನೊಬ್ಬನು ಸಾಬೂನಿನ ವಿಷಯವಾಗಿ ಲೇಖನ ಬರೆಯಲು ಕುಳಿತನೆಂದರೆ ವಾಚಕರು ನಕ್ಕಾರು. ನಗಲಿ; ಅದರಿಂದ ನನಗೆ ವ್ಯಥೆಯಿಲ್ಲ. ವಿಷಯವು ಅಲ್ಪವಾದರೂ ಕಳೆದ ಒಂದು ವರ್ಷದಿಂದ ಅದು ನನ್ನ ಮನೆಯಲ್ಲಿ ಎಬ್ಬಿಸಿದ ವಿಚಾರವು ಅಲ್ಪವಾದುದಲ್ಲ. ನನ್ನ ಮನೆಯಲ್ಲಿರುವಂಥ ಕಪಾಟು ವಾಚಕರಲ್ಲಿ ಅನೇಕರ ಮನೆಗಳಲ್ಲಿಯೂ ಇದ್ದೀತೆಂಬ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ಯುಗಾದಿಗೆ ಮುಂಚೆ ಮನೆಗೆ ಸುಣ್ಣ ಬಳಿಯಿಸುವ ಸಲುವಾಗಿ ನಡುಮನೆಯ ಗೋಡೆಯ ಕಪಾಟನ್ನು ಬರಿದುಮಾಡಬೇಕಾಯಿತು. ಅದರ ಬೀಗದ ಕೈ ಯಾವಾಗಲೂ ನನ್ನ ಸಹಧರ್ಮಿಣಿಯ ಬಳಿಯಲ್ಲಿರುವುದು. ಒಳಗಿರುವುದು ಹಬ್ಬದ ಬೆಳ್ಳಿಯ ಪಾತ್ರೆಗಳೆಂದು ನಾನು ತಿಳಿದಿದ್ದೆನು. ಬೆಳ್ಳಿಯು ಒಂದು ಮೂಲೆಯಲ್ಲಿದ್ದಿತು, ಉಳಿದುದೆಲ್ಲವೂ ಸ್ನಾನಸಾಮಗ್ರಿ. ಜಮಖಾನದ ಮೇಲೆ ಅದನ್ನೆಲ್ಲ ಹರಡಿ, ಹಾಜರಿ ಹಿಡಿಯುವ ಹಳೆಯ ಅಭ್ಯಾಸದಂತೆ ನಾನು ಎಣಿಸಿದೆನು. ಸಾಬೂನುಗಳು 52, ಮೈಗೆ ಹಾಕುವ ಪೌಡರಿನ ಡಬ್ಬಿಗಳು 11, ಹಲ್ಲುಜ್ಜುವ ಪೇಸ್ಟು 9, ಶಾಂಪೂ ಸೀಸೆಗಳು 6, ಸುಗಂಧದ ಸೀಸೆಗಳು 4, ಛತ್ರ ವಸತಿಗೃಹಗಳಿಂದ ಬಂದ ಬೆರಳುದ್ದದ ಸಾಬೂನುಗಳು ಒಂದು ಚೀಲ, ಇವಲ್ಲದೆ ನಮ್ಮ ಮಗಳು ಅಮೆರಿಕೆಯಿಂದ ತಂದ ಲೇಪನಗಳು ಏಳು. ನಾವಿರುವುದು ಇಬ್ಬರು.

ಇಷ್ಟೊಂದು ಹೇಗೆ ಕೂಡಿತೆಂಬುದನ್ನು ಆಲೋಚಿಸಿದರೆ ನಮ್ಮ ಸಂಸಾರದ ಚರಿತ್ರೆಯೇ ಕಣ್ಣಮುಂದೆ ನಿಲ್ಲುವುದು. ಉಪನಯನ ವಿವಾಹಗಳಲ್ಲಿ ಬಂದ ಉಡುಗೊರೆಯ ಪೆಟ್ಟಿಗೆಗಳು, ನನ್ನ ಬೀಳ್ಕೊಡುಗೆಯ ದಿನ ಶಿಷ್ಯರು ಕೊಟ್ಟವು, ಒಂದನ್ನು ಕೊಂಡರೆ ಇನ್ನೊಂದು ಉಚಿತವೆಂದು ಅಂಗಡಿಯವನು ಒತ್ತಾಯಿಸಿದವು. ಎಲ್ಲಕ್ಕೂ ನನ್ನ ಸಹಧರ್ಮಿಣಿಯ ಉತ್ತರ ಒಂದೇ: “ಇರ್ಲಿ ಬಿಡ್ರೀ, ಬಂದವರಿಗೆ ಬೇಕಾಗ್ತಾವ.” ಆಕೆಯ ತವರಿನಲ್ಲಿ ಆರು ಜನ ಹೆಣ್ಣುಮಕ್ಕಳು. ನಿತ್ಯದ ಸ್ನಾನಕ್ಕೆ ಕಡಲೆಹಿಟ್ಟು, ತಲೆಗೆ ಸೀಗೆಕಾಯಿ. ಸಾಬೂನು ಮನೆಗೆ ಬಂದರೆ ತಾಯಿಯು ಅದನ್ನು ದಾರದಿಂದ ಕೊಯ್ದು ಆರು ತುಂಡು ಮಾಡುತ್ತಿದ್ದರಂತೆ. ಒಂದು ಇಡಿಯ ಸಾಬೂನು ಮಾತ್ರ ಬೀಗರಿಗೆಂದು ಗೂಡಿನಲ್ಲಿರುತ್ತಿತ್ತು. ಮಕ್ಕಳು ಅದನ್ನು ಮೂಸಬಹುದಾಗಿತ್ತು, ಮುಟ್ಟುವಂತಿರಲಿಲ್ಲ. ಹೀಗೆ ಬೆಳೆದವಳಿಗೆ ಕಪಾಟು ತುಂಬಿದಷ್ಟೂ ಸಮಾಧಾನವಾದುದು ಆಶ್ಚರ್ಯವಲ್ಲ.

ಆ ಗೂಡಿನ ಸಾಬೂನು ಮೈಸೂರು ಶ್ರೀಗಂಧದ್ದು. ನಮ್ಮ 52ರಲ್ಲಿಯೂ ಒಂಬತ್ತು ಅದೇ ಜಾತಿಯವು. ಆನೆಯ ಮುಖವೂ ಸಿಂಹದ ಮೈಯೂ ಉಳ್ಳ ಶರಭದ ಮುದ್ರೆ ಅವುಗಳ ಮೇಲಿರುವುದು. ಅದರ ಹುಟ್ಟಿನ ಕಥೆ ನಮ್ಮ ಪ್ರಸಂಗಕ್ಕೆ ಬಹಳ ಒಪ್ಪುವಂತಿದೆ. ಮೈಸೂರು ಸಂಸ್ಥಾನದ ಗಂಧದ ಮರವು ಮೊದಲು ಹರಾಜಾಗಿ ಯೂರೋಪಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ಕೆಲಸ ಹೆಚ್ಚಾಗಿ ಜರ್ಮನಿಯಲ್ಲಿ ನಡೆಯುತ್ತಿತ್ತು. 1914ರಲ್ಲಿ ಮಹಾಯುದ್ಧವು ಹೊತ್ತಿಕೊಂಡಿತು. ಮಾರಾಟ ನಿಂತು ಮರವು ರಾಶಿಬಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. ಕೊಳ್ಳುವವರು ಬರಲಿಲ್ಲವೆಂದು ಕೈಕಟ್ಟಿ ಕೂಡುವ ಜನ ಅವರಲ್ಲ. 1916ರಲ್ಲಿ ಎಣ್ಣೆ ತೆಗೆಯುವ ಕೆಲಸ ಇಲ್ಲಿಯೇ ಆರಂಭವಾಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ರಸಾಯನಶಾಸ್ತ್ರಜ್ಞರು ಇಂಗ್ಲೆಂಡಿಗೆ ಹೋಗಿ ಸಾಬೂನಿನ ವಿದ್ಯೆಯನ್ನು ಕಲಿತು ಬಂದರು. 1918ರ ಹೊತ್ತಿಗೆ ಬೆಂಗಳೂರಿನಲ್ಲಿ ಗಂಧದ ಸಾಬೂನು ಸಿದ್ಧವಾಯಿತು. ಆಗ ನಮ್ಮ ಹೂವಿನಹಡಗಲಿಯು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯೊಳಗಿದ್ದಿತು. ನಾವು ಮೈಸೂರಿಗೆ ಸೇರಿದುದು 1953ರಲ್ಲಿ. ಅಂತೂ ಮಿಕ್ಕುಳಿದ ಪದಾರ್ಥಕ್ಕೆ ಬಳಕೆಯನ್ನು ಹುಡುಕಿದವರ ಬುದ್ಧಿಯಿಂದ ಹುಟ್ಟಿದ ಸಾಬೂನನ್ನು ನಾವು ಬಳಸದೆ ಕೂಡಿಟ್ಟು ಮತ್ತೆ ರಾಶಿಹಾಕಿದ್ದೆವು!

ಧನಕ್ಕೆ ಭೋಗ, ದಾನ, ನಾಶಗಳೆಂಬ ಮೂರೇ ಗತಿಗಳೆಂಬ ವಿಚಾರವು ಭರ್ತೃಹರಿಯ ನೀತಿಶತಕದಲ್ಲಿದೆ. ಪಾಠಶಾಲೆಯಲ್ಲಿ ಅದನ್ನು ಕಂಠಪಾಠ ಮಾಡಿದ್ದೆನು. ತರಗತಿಯಲ್ಲಿ ಎಷ್ಟೋ ಸಲ ಅರ್ಥ ಹೇಳಿದ್ದೆನು. ಅದು ಸಾಬೂನಿಗೂ ಸಲ್ಲುವುದೆಂದು ಜಮಖಾನದ ಮುಂದೆ ಕುಳಿತಾಗ ಹೊಳೆಯಿತು. ಮೂರು ಗತಿಗಳನ್ನೂ ನಾವು ಒಂದು ವರ್ಷದಲ್ಲಿ ಕಂಡೆವು.

ಮೊದಲನೆಯದು ಭೋಗ. ಹೊಸದಾಗಿ ಏನನ್ನೂ ಕೊಳ್ಳಕೂಡದು, ಒಂದು ಮುಗಿಯುವ ತನಕ ಇನ್ನೊಂದನ್ನು ತೆರೆಯಕೂಡದು, ಹಳೆಯದು ಮೊದಲು ಎಂದು ನಿಯಮ ಮಾಡಿಕೊಂಡೆವು. ಡಬ್ಬಿಗಳ ಮೇಲಿನ ತಾರೀಖುಗಳನ್ನು ಭೂತಗನ್ನಡಿ ಹಿಡಿದು ಓದಿ ಸಾಲಾಗಿ ಜೋಡಿಸಿದೆನು. ಪರದೇಶದ ಡಬ್ಬಿಗಳ ಮೇಲೆ ಮುಚ್ಚಳ ತೆರೆದ ಭರಣಿಯ ಚಿತ್ರವೂ ಅದರೊಳಗೆ 12 ಎಂಬ ಅಂಕಿಯೂ ಇದ್ದಿತು. ಅದನ್ನು ತೂಕವೆಂದು ಭ್ರಮಿಸಿದ್ದೆನು. ತೆರೆದ ಮೇಲೆ ಹನ್ನೆರಡು ತಿಂಗಳೊಳಗೆ ಬಳಸಬೇಕೆಂದು ಅದರ ಅರ್ಥವೆಂದು ಆಮೇಲೆ ತಿಳಿಯಿತು. ಸಾಬೂನಿಗೆ ಇಂಥ ಭಯ ಕಡಮೆ. ಹಳೆಯದಾದಂತೆ ಅದರ ನೀರು ಆರಿ ಗಟ್ಟಿಯಾಗುವುದು, ಗಂಧ ಕುಗ್ಗುವುದು. ಆದರೆ ಹೊಸದಕ್ಕಿಂತ ನಿಧಾನವಾಗಿ ಸವೆಯುವುದು. ನಮ್ಮ ಕೊಳವೆಬಾವಿಯ ನೀರು ಗಡಸು. ಅದರ ಸುಣ್ಣದ ಅಂಶವು ಸಾಬೂನಿನೊಡನೆ ಕೂಡಿ ನೊರೆಯ ಬದಲು ಬಿಳಿಯ ಗಸಿಯಾಗುವುದು. ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ಹಂಡೆಗೆ ಹಿಡಿದಾಗ ಅದೇ ಸಾಬೂನು ಎಷ್ಟು ಧಾರಾಳವಾಗಿ ನೊರೆಗರೆಯುವುದೆಂಬುದನ್ನು ನೋಡಿಯೇ ನಂಬಬೇಕು. ಶಾಂಪೂವಿನಿಂದ ಕಂಬಳಿಗಳನ್ನೂ ಬಾಚಣಿಗೆಗಳನ್ನೂ ತೊಳೆದೆವು. ಬೆರಳುದ್ದದ ಸಾಬೂನುಗಳನ್ನು ತೆಳುಬಟ್ಟೆಯಲ್ಲಿ ಗಂಟುಕಟ್ಟಿ ಹಿತ್ತಲಿನ ನಲ್ಲಿಯ ಬಳಿ ತೂಗುಹಾಕಿದೆವು.

ಆದರೆ ನಮ್ಮಿಬ್ಬರಿಗೆ ತಿಂಗಳಿಗೆ ಒಂದು ಸಾಬೂನು ಸಾಕು. 52 ಮುಗಿಯಬೇಕಾದರೆ ನಾಲ್ಕು ವರ್ಷ ನಾಲ್ಕು ತಿಂಗಳು. ನನಗೆ ಅರುವತ್ತೇಳು ತುಂಬಿದೆ. ಕಾಗದದ ಮೇಲೆ ಈ ಭಾಗಾಕಾರ ಮಾಡಿದವನು ಕೆಲಹೊತ್ತು ಸುಮ್ಮನೆ ಕುಳಿತೆನು. ನನ್ನ ಸಹಧರ್ಮಿಣಿಯು ಬಂದು ನೋಡಿ, “ಏನ್ ಲೆಕ್ಕಾರೀ ಅದು?” ಎಂದಳು. ಹೇಳಿದೆನು. ಆಕೆ ನಗಲಿಲ್ಲ. “ಹಂಗಾರ ಅರ್ಧ ಯಾರಿಗಾರ ಕೊಟ್ಟುಬಿಡೋಣ್ರಿ,” ಎಂದಳು. ಬೀಗದ ಕೈಯ ಒಡತಿಯ ಬಾಯಿಂದ ಆ ಮಾತು ಬಂದುದು ಅದೇ ಮೊದಲು.

ಇಲ್ಲಿಂದ ಮುಂದಿನದು ನನ್ನ ತಪ್ಪಿನ ಕಥೆ. ಕೊಡುವುದೆಂದು ನಿಶ್ಚಯವಾದ ಮೇಲೆ ಗಂಟು ಕಟ್ಟುವ ಕೆಲಸವನ್ನು ನಾನೇ ವಹಿಸಿಕೊಂಡೆನು. ಕಟ್ಟುವಾಗ ನನಗರಿಯದೆಯೇ ಕೈಗಳು ಒಂದು ಕುಯುಕ್ತಿಯನ್ನು ನಡೆಯಿಸಿದುವು. ಗಂಧದ ಸಾಬೂನು ಈಚೆಗೆ ಉಳಿಯಿತು. ವಾಸನೆ ಹೋದದ್ದು, ಪೆಟ್ಟಿಗೆ ನಜ್ಜಾದದ್ದು, ತಾರೀಖು ದಾಟಿದ ಪೇಸ್ಟು, ಯಾರಿಗೂ ಬೇಡವಾದ ಪೌಡರು ಆಚೆಗೆ ಹೋಯಿತು. ಅದನ್ನು ನಮ್ಮ ಮನೆಗೆಲಸಕ್ಕೆ ಬರುವ ಹೆಣ್ಣುಮಗಳಿಗೆ ಕೊಟ್ಟೆನು. ಆಕೆ ಎರಡೂ ಕೈಯೊಡ್ಡಿ ತೆಗೆದುಕೊಂಡಳು. ಜೊತೆಯಲ್ಲಿ ಬಂದಿದ್ದ ಆಕೆಯ ಮಗಳು ಐದನೆಯ ತರಗತಿಯವಳು. ಕಟ್ಟೆಯ ಮೇಲೆ ಕುಳಿತು ಪೇಸ್ಟಿನ ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದತೊಡಗಿದಳು. ಕೊನೆಗೆ ತಲೆಯೆತ್ತಿ, “ಅಜ್ಜಾರ, ಇದರ ತಾರೀಖು ಮುಗಿದು ಹೋಗೇತ್ರಿ,” ಎಂದಳು. ತಾಯಿಯು ಆ ಹುಡುಗಿಯನ್ನು ಗದರಿಕೊಂಡಳು. ಗದರಿಕೆಗೆ ಪಾತ್ರನಾದವನು ನಾನು.

ಕಠೋಪನಿಷತ್ತನ್ನು ನಾನು ಗುರುಗಳ ಪಾದದ ಬಳಿ ಕುಳಿತು ಓದಿದವನು. ಯಜ್ಞ ಮಾಡಿದ ತಂದೆಯು ಹಾಲು ಬತ್ತಿದ ಮುದಿಗೋವುಗಳನ್ನು ದಾನವೆಂದು ಕೊಡುತ್ತಿರುವಾಗ ನೋಡಿ ನಿಂತ ಬಾಲಕನು ನಚಿಕೇತನು. ಅವನ ಶ್ರದ್ಧೆಯನ್ನು ಕುರಿತು ನಾನು ಉಪನ್ಯಾಸಗಳನ್ನು ಮಾಡಿದ್ದೇನೆ. ನಮ್ಮ ಕಟ್ಟೆಯ ಮೇಲೆಯೇ ಒಬ್ಬ ನಚಿಕೇತೆಯು ಕುಳಿತು, ಓದು ಬರಹ ಕಲಿಸುವುದೇ ಪುಣ್ಯವೆಂದು ಬಾಳಿದ ಮಾಸ್ತರನಿಗೆ ಓದಿನಿಂದಲೇ ಬುದ್ಧಿ ಕಲಿಸುವಳೆಂದು ತಿಳಿದಿರಲಿಲ್ಲ. ಗಂಟನ್ನು ಹಿಂದಕ್ಕೆ ತೆಗೆದುಕೊಂಡು, “ತಪ್ಪಾಯಿತವ್ವ,” ಎಂದೆನು. ಈಚೆಗೆ ಉಳಿಸಿಕೊಂಡಿದ್ದ ಗಂಧದ ಸಾಬೂನುಗಳಲ್ಲಿ ನಾಲ್ಕನ್ನೂ ಹೊಸ ಪೇಸ್ಟುಗಳನ್ನೂ ಆಕೆಯ ಕೈಗೆ ಕೊಟ್ಟೆನು. ತಾರೀಖು ಇನ್ನೂ ದೂರವಿದ್ದ ಇಪ್ಪತ್ತು ಸಾಬೂನುಗಳು ಮಧ್ಯಾಹ್ನದ ಬಿಸಿಯೂಟಕ್ಕೆ ಮುಂಚೆ ಕೈತೊಳೆಯುವ ಮಕ್ಕಳಿಗೆಂದು ನೆರೆಯ ಶಾಲೆಗೆ ಹೋದುವು. ಹಳೆಯವನ್ನು ನಾವು ಇಟ್ಟುಕೊಂಡೆವು. ನಮಗೆ ಬೇಡವಾದುದನ್ನು ಕಳೆದುಕೊಳ್ಳುವುದು ಬೇರೆ, ಕೊಡುವುದು ಬೇರೆ. ಮೊದಲನೆಯದಕ್ಕೆ ಪುರಸಭೆಯ ಕಸದ ಗಾಡಿ ಇದೆ. ಎರಡನೆಯದಕ್ಕೆ ಮನಸ್ಸು ಬೇಕು.

ಇನ್ನು ಉಳಿದುದು ಮೂರನೆಯ ಗತಿ. ಮಗಳು ತಂದ ಏಳು ಲೇಪನಗಳನ್ನು ಈ ಲೆಕ್ಕದಲ್ಲಿ ಸೇರಿಸಲು ನನ್ನ ಸಹಧರ್ಮಿಣಿಯು ಒಪ್ಪಿರಲಿಲ್ಲ. ಮಗಳು ಕಡೆಯ ಸಲ ಬಂದುಹೋಗಿ ನಾಲ್ಕು ವರ್ಷಗಳಾದುವು. ಅಂಗೈಗೂ ಹಿಮ್ಮಡಿಗೂ ಹಚ್ಚಿಕೊಳ್ಳೆಂದು ಆಕೆ ತಾಯಿಗೆ ಕೊಟ್ಟ ಸೀಸೆಯೊಂದನ್ನು ಆಗಲೇ ತೆರೆದು, ತಾನೇ ಒಂದು ಸಲ ಹಚ್ಚಿ ತೋರಿಸಿದ್ದಳು. ಅಂದಿನಿಂದ ಅದು ಸೀರೆಯ ಮಡಿಕೆಯೊಳಗೆ ಇದ್ದಿತು. ಚಳಿಗಾಲದಲ್ಲಿ ಹಿಮ್ಮಡಿ ಬಿರಿದು ರಕ್ತ ಬಂದರೂ ಈಕೆ ಹಚ್ಚಿದುದು ಹರಳೆಣ್ಣೆಯೇ. ಕಳೆದ ಕಾರ್ತಿಕದಲ್ಲಿ ನನ್ನ ಒತ್ತಾಯಕ್ಕೆ ಸೀಸೆಯನ್ನು ತೆರೆದಳು. ಮೇಲೆ ಹಳದಿಯ ಎಣ್ಣೆ, ಕೆಳಗೆ ನೀರು, ಎರಡೂ ಬೇರೆಯಾಗಿದ್ದುವು. ಕಮಟು ವಾಸನೆ ಬಂದಿತು. ಆಕೆ ಮೂಗಿನ ಬಳಿ ಹಿಡಿದು, ಮತ್ತೊಮ್ಮೆ ಹಿಡಿದು, “ಅದರ ವಾಸನೀನ ಇಲ್ಲರೀ,” ಎಂದಳು. ಆಕೆ ಇಷ್ಟು ದಿನ ಕಾಯ್ದುದು ಲೇಪನವನ್ನಲ್ಲ, ಮಗಳ ಕೈಯ ವಾಸನೆಯನ್ನು ಎಂದು ನನಗೆ ಆಗ ಗೊತ್ತಾಯಿತು. ನಾನು ವ್ಯಾಕರಣ ಓದಿದವನು. ಆ ಹೊತ್ತಿಗೆ ಹೇಳಬೇಕಾದ ಶಬ್ದ ಒಂದೂ ತೋಚಲಿಲ್ಲ.

ಆ ರಾತ್ರಿ ಮಗಳು ದೂರವಾಣಿಯಲ್ಲಿ ಮಾತನಾಡಿದಳು. ತಾಯಿಯು ಇದನ್ನು ಹೇಳಿಬಿಟ್ಟಳು. “ಹಚ್ಚಿಕೊಳ್ಳಲಿ ಅಂತ ಕೊಟ್ಟರ ಯಾಕಮ್ಮಾ ಇಟ್ಟುಕೊಂಡಿ?” ಎಂದು ಆಕೆ ಕೇಳಿದಳು. “ನೀ ಬಂದಾಗ ಹಚ್ಚಿಕೊಂಡರಾತು ಅಂತ,” ಎಂದು ಈಕೆ. ಆಚೆಯ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಮಗಳು, ಬರುವ ಬೇಸಗೆಗೆ ಬರುವೆನೆಂದೂ ಏನು ತರಬೇಕೆಂದೂ ಕೇಳಿದಳು. ಈ ಪ್ರಶ್ನೆಗೆ ಪ್ರತಿಸಲವೂ ಒಂದು ಪಟ್ಟಿ ಸಿದ್ಧವಾಗಿರುತ್ತಿತ್ತು; ಹೆಚ್ಚಾಗಿ ಅದನ್ನು ಬರೆದುಕೊಡುವವನು ನಾನೇ. ಈ ಸಲ ಆಕೆ ನನ್ನ ಕಡೆಗೆ ನೋಡಲಿಲ್ಲ. “ಏನೂ ತರಬ್ಯಾಡ. ಬರೇ ಕೈಲೆ ಬಾ. ಮಲ್ಲಿಗಿ ಕಾಲ ಇರ್ತೈತಿ,” ಎಂದಳು.

ಉಳಿದ ಆರು ಲೇಪನಗಳಲ್ಲಿ ತಾರೀಖು ಮುಗಿಯದವು ಎರಡು. ಅವನ್ನು ಮರುದಿನದಿಂದಲೇ ಆರಂಭಿಸಿದೆವು. ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ ವಾಗ್ಭಟನು ಅಭ್ಯಂಗವನ್ನು ನಿತ್ಯವೂ ಮಾಡಬೇಕೆಂದು ವಿಧಿಸಿರುವನು. ಹಬ್ಬಕ್ಕೋ ಅತಿಥಿಗಳ ಬರವಿಗೋ ಕಾಯಬೇಕೆಂದು ಹೇಳಿಲ್ಲ. ಈಗ ರಾತ್ರಿ ಮಲಗುವ ಮುಂಚೆ ನನ್ನ ಸಹಧರ್ಮಿಣಿಯು ಕಾಲು ಚಾಚಿ ಕುಳಿತು ಹಿಮ್ಮಡಿಗೆ ಅದನ್ನು ಹಚ್ಚಿಕೊಳ್ಳುವಳು. ಮಿಕ್ಕುದನ್ನು ನನ್ನ ಅಂಗೈಗೆ ಒರೆಸುವಳು. ಬಿರುಕುಗಳು ಮಾಯ್ದಿವೆ.

ನಮ್ಮ ಊರಿನ ಮಲ್ಲಿಗೆಯು ಹೆಸರುವಾಸಿಯಾದುದು. ಭೌಗೋಳಿಕ ಸೂಚಕವೆಂಬ ರಾಜಮುದ್ರೆಯನ್ನೂ ಪಡೆದಿದೆ. ವಿಜಯನಗರದ ಕಾಲದಲ್ಲಿ ತುಂಗಭದ್ರೆಯ ಮೇಲೆ ಹಡಗುಗಳಲ್ಲಿ ಹೂವು ಹಂಪೆಗೆ ಹೋಗುತ್ತಿತ್ತೆಂದೂ ಊರಿಗೆ ಆ ಹೆಸರು ಅದರಿಂದಲೇ ಬಂದಿತೆಂದೂ ಹಿರಿಯರು ಹೇಳುವರು. ಮುಂಜಾನೆ ಕೊಯ್ದ ಮೊಗ್ಗು ಸಂಜೆಗೆ ಅರಳುವುದು, ಮರುದಿನ ಬಾಡುವುದು. ಆದುದರಿಂದ ಇಲ್ಲಿನ ಹೆಂಗಸರು ಮಲ್ಲಿಗೆಯನ್ನು ಯಾರೂ ಕೂಡಿಡರು. ಮೊಳ ಕೊಂಡವಳು ಅರ್ಧವನ್ನು ತಾನು ಮುಡಿದು ಅರ್ಧವನ್ನು ನೆರೆಯವಳಿಗೆ ಕೊಡುವಳು. ಸಾಬೂನಿಗೆ ಈ ಗುಣವಿಲ್ಲದೆ ಹೋದುದರಿಂದಲೇ ನಾವು ಮೋಸಹೋದೆವೆಂದು ತೋರುವುದು.

ಕಪಾಟಿನಲ್ಲಿ ಈಗ ಬೆಳ್ಳಿಯ ಜೊತೆಗೆ ಹದಿನಾರು ಸಾಬೂನುಗಳಿವೆ. ಒಂದು ವರ್ಷ ನಾಲ್ಕು ತಿಂಗಳು. ಈ ಲೆಕ್ಕ ನನಗೆ ಭಯವನ್ನುಂಟುಮಾಡುವುದಿಲ್ಲ. ಅಷ್ಟರೊಳಗೆ ಒಂದು ಮಲ್ಲಿಗೆಯ ಕಾಲವು ಬರಬೇಕಾಗಿದೆ.