ಉಗ್ರಾಣಿಯನ್ನು ಆರಿಸಿದುದು

ಮನೆಯೆಂದಮೇಲೆ ಉಗ್ರಾಣವೊಂದಿರಬೇಕು. ೧೯೪೮ರಲ್ಲಿ ಅಸ್ತಿಭಾರವಾದ ನಮ್ಮ ಜಯನಗರದ ಹಳೆಯ ಮನೆಗಳಲ್ಲಿ ಇದಕ್ಕೆಂದೇ ಅಡಿಗೆಮನೆಯ ಪಕ್ಕದಲ್ಲಿ ಒಂದು ಕತ್ತಲೆಕೋಣೆಯನ್ನು ಬಿಟ್ಟಿರುವುದನ್ನು ಈಗಲೂ ಕಾಣಬಹುದು. ಅಲ್ಲಿ ಬೆಲ್ಲ, ಹುಣಿಸೆಹಣ್ಣು, ಉಪ್ಪಿನಕಾಯಿಯ ಜಾಡಿಗಳು ಸಾಲಾಗಿ ಕುಳಿತಿರುತ್ತಿದ್ದುವು. ಈಗ ಅಕ್ಕಿಬೇಳೆಗಳನ್ನು ವರ್ಷಕ್ಕಾಗುವಷ್ಟು ತುಂಬಿಡುವವರು ಕಡಿಮೆ. ಆದರೆ ಕೂಡಿಡುವ ಬುದ್ಧಿ ಮನುಷ್ಯನನ್ನು ಬಿಟ್ಟಿಲ್ಲ, ಕೂಡಿಡುವ ಪದಾರ್ಥ ಮಾತ್ರ ಬದಲಾಗಿದೆ. ಮಕ್ಕಳ ನಾಮಕರಣದ ಚಿತ್ರಗಳು, ಮದುವೆಯ ವೀಡಿಯೋಗಳು, ಮನೆಪತ್ರಗಳ ಪ್ರತಿಗಳು, ತಂದೆಯವರು ಬರೆದಿಟ್ಟ ಜಮಾಖರ್ಚಿನ ಪುಸ್ತಕಗಳ ಚಿತ್ರಗಳು, ಇವೆಲ್ಲವೂ ನಮ್ಮ ಮನೆಯಲ್ಲಿ ಮಹಡಿಯ ಮೆಟ್ಟಿಲ ಕೆಳಗಣ ಗೂಡಿನಲ್ಲಿ ಹಗಲಿರುಳೂ ಗುಂಯ್‌ಗುಟ್ಟುವ ಒಂದು ಯಂತ್ರದೊಳಗಿವೆ. ಅದಕ್ಕೆ ಸರ್ವರ್ ಎಂದು ಹೆಸರು. ನಮ್ಮ ಮನೆಯವರು ಅದನ್ನು ಕಣಜವೆಂದೇ ಕರೆಯುತ್ತಾರೆ.

ಈ ಕಣಜದಲ್ಲಿ ಆರು ಹಾರ್ಡ್ ಡಿಸ್ಕುಗಳಿದ್ದುವು, ಆರೂ ತುಂಬಿದುವು. ಇನ್ನು ಆರನ್ನು ಕೂಡಿಸಬೇಕೆಂದು ನಿಶ್ಚಯಿಸಿದೆವು. ದೊಡ್ಡ ಡಿಸ್ಕುಗಳನ್ನು ಕೊಂಡು ಹಳೆಯವನ್ನು ತೆಗೆದುಬಿಡಬಾರದೇ ಎಂದು ಮನೆಯವರು ಕೇಳದಿರಲಿಲ್ಲ. ಆದರೆ ಇನ್ನೂ ಗಟ್ಟಿಯಾಗಿರುವ ಪದಾರ್ಥವನ್ನು ಹೊರಕ್ಕೆಸೆಯುವ ಅಭ್ಯಾಸ ನಮಗಿಲ್ಲ. ತೊಡಕು ಇದ್ದುದು ಬೇರೆ ಕಡೆ. ಯಂತ್ರದ ಮೂಲಫಲಕದಲ್ಲಿ, ಎಂದರೆ ಮದರ್‌ಬೋರ್ಡಿನಲ್ಲಿ, ಡಿಸ್ಕುಗಳನ್ನು ಸೇರಿಸುವ ಸಾಟಾ ಎಂಬ ಬಾಗಿಲುಗಳು ಆರೇ ಆರು. ಏಳನೆಯ ಡಿಸ್ಕಿಗೆ ಸ್ಥಳವಿಲ್ಲ. ಹೊಸ ಬಾಗಿಲುಗಳು ಬೇಕಾದರೆ ಕಂಟ್ರೋಲರ್ ಕಾರ್ಡು ಎಂಬುದೊಂದನ್ನು ಕೊಳ್ಳಬೇಕು. ಅದು ಡಿಸ್ಕುಗಳಿಗೂ ಯಂತ್ರಕ್ಕೂ ನಡುವೆ ನಿಂತು, ಒಳಗಿನದನ್ನು ಹೊರಕ್ಕೂ ಹೊರಗಿನದನ್ನು ಒಳಕ್ಕೂ ಸಾಗಿಸುವ ಉಗ್ರಾಣಿ.

ಉಗ್ರಾಣಿಯನ್ನು ಗೊತ್ತುಮಾಡುವ ವಿಷಯದಲ್ಲಿ ನಾವು ಒಮ್ಮೆ ಮೋಸಹೋಗಿದ್ದೆವು. ಅದನ್ನು ಮೊದಲು ಹೇಳಿಬಿಡುವುದು ಯುಕ್ತ.

ಹಲವು ಸಣ್ಣ ಡಿಸ್ಕುಗಳನ್ನು ಒಂದಾಗಿ ಕಟ್ಟಿ, ಅವುಗಳಲ್ಲಿ ಒಂದು ಕೆಟ್ಟರೂ ಉಳಿದವುಗಳಿಂದ ನಷ್ಟವನ್ನು ತುಂಬಿಕೊಳ್ಳುವ ಉಪಾಯಕ್ಕೆ ರೇಡ್ ಎಂದು ಹೆಸರು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ೧೯೮೮ರಲ್ಲಿ ಬರೆದ ಒಂದು ಪ್ರಬಂಧದಿಂದ ಈ ಹೆಸರು ಪ್ರಸಿದ್ಧವಾಯಿತು. ನಮ್ಮ ಮೊದಲನೆಯ ಕಣಜದಲ್ಲಿ ನಾಲ್ಕು ಡಿಸ್ಕುಗಳು. ಅವನ್ನು ಕಟ್ಟುವ ಕೆಲಸವನ್ನೆಲ್ಲ ಒಂದು ರೇಡ್ ಕಾರ್ಡು ತಾನೇ ವಹಿಸಿಕೊಂಡಿತ್ತು. ಬಲು ಬುದ್ಧಿವಂತ ಕಾರ್ಡು. ಯಾವ ತುಣುಕು ಯಾವ ಡಿಸ್ಕಿನಲ್ಲಿದೆಯೆಂಬುದನ್ನು ತಾನೇ ಬರೆದುಕೊಳ್ಳುತ್ತಿತ್ತು; ನಮ್ಮನ್ನು ಏನನ್ನೂ ಕೇಳುತ್ತಿರಲಿಲ್ಲ. ಅದನ್ನೇ ಅದರ ದೊಡ್ಡ ಗುಣವೆಂದು ನಾವು ತಿಳಿದಿದ್ದೆವು.

ಒಂದು ದಿನ ಬೆಳಗ್ಗೆ ಆ ಕಾರ್ಡು ಸತ್ತಿತು. ಡಿಸ್ಕುಗಳು ನಾಲ್ಕೂ ಆರೋಗ್ಯವಾಗಿದ್ದುವು. ಆದರೆ ಅವನ್ನು ಯಂತ್ರಕ್ಕೆ ನೇರವಾಗಿ ಸೇರಿಸಿದರೆ ಒಂದೊಂದೂ ಖಾಲಿಯೆಂದೇ ತೋರಿತು. ಹಿಂದಿನ ಕಾಲದ ಶಾನುಭೋಗರು ಮೋಡಿ ಅಕ್ಷರದಲ್ಲಿ ಲೆಕ್ಕ ಬರೆದಿಟ್ಟು ಕಣ್ಮುಚ್ಚಿದರೆ, ಕಡತಗಳು ಕಪಾಟಿನಲ್ಲಿದ್ದರೂ ಓದುವವರಿಲ್ಲದೆ ಮನೆಯವರು ಕಂಗೆಡುತ್ತಿದ್ದರಷ್ಟೆ. ನಮ್ಮ ಗತಿಯೂ ಅದೇ ಆಯಿತು.

ಆ ಡಿಸ್ಕುಗಳಲ್ಲಿ ನಮ್ಮ ತಾಯಿಯವರ ಧ್ವನಿಯಿದ್ದಿತು. ಅವರು ತೀರಿಕೊಳ್ಳುವುದಕ್ಕೆ ಹಿಂದಿನ ವರ್ಷ, ಗೌರೀಹಬ್ಬದ ಮಧ್ಯಾಹ್ನ, ಆರತಿಯ ಹಾಡುಗಳನ್ನು ಒಂದಾದಮೇಲೊಂದಾಗಿ ಹೇಳಿಸಿ ಹಿಡಿದಿಟ್ಟಿದ್ದೆವು. ನಡುನಡುವೆ ಸಾಲು ಮರೆತು, ‘ತಾಳು, ಬಂತು’ ಎನ್ನುತ್ತಿದ್ದರು. ಅದಕ್ಕೆ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ; ಇದು ಕಾರ್ಡಿನ ತಪ್ಪಲ್ಲ, ನಮ್ಮದು. ಅದೇ ಜಾತಿಯ ಹಳೆಯ ಕಾರ್ಡೊಂದು ಸಿಕ್ಕುವುದಕ್ಕೆ ಹತ್ತೊಂಬತ್ತು ದಿವಸ ಹಿಡಿಯಿತು. ಅದನ್ನು ಸಿಕ್ಕಿಸಿದಾಗ ಎಲ್ಲವೂ ಇದ್ದಂತೆಯೇ ಬಂದಿತು. ಆ ಹತ್ತೊಂಬತ್ತು ದಿವಸ ಮನೆಯಲ್ಲಿ ಯಾರೂ ಆ ಮಾತನ್ನೆತ್ತಲಿಲ್ಲ.

ಅಂದಿನಿಂದ ನಾವು ರೇಡ್ ಕಾರ್ಡನ್ನು ಬಿಟ್ಟು ಝಡ್‌ಎಫ್‌ಎಸ್ ಎಂಬ ವ್ಯವಸ್ಥೆಗೆ ಬಂದೆವು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಹುಟ್ಟಿ ೨೦೦೫ರಲ್ಲಿ ಎಲ್ಲರಿಗೂ ಮುಕ್ತವಾದ ವಿದ್ಯೆ ಇದು. ಇದರಲ್ಲಿ ಲೆಕ್ಕ ಬರೆಯುವುದು ಕಾರ್ಡಲ್ಲ, ತಂತ್ರಾಂಶ; ಬರೆದ ಲೆಕ್ಕ ಡಿಸ್ಕುಗಳ ಮೇಲೆಯೇ ಇರುತ್ತದೆ; ಆ ಲಿಪಿಯನ್ನು ಝಡ್‌ಎಫ್‌ಎಸ್ ಬಲ್ಲ ಯಾವ ಯಂತ್ರವಾದರೂ ಓದಬಲ್ಲುದು. ಪ್ರತಿಯೊಂದು ತುಣುಕಿಗೂ ಒಂದು ತಾಳೆಯ ಸಂಖ್ಯೆಯನ್ನು ಬರೆದಿಟ್ಟು, ಓದುವಾಗ ಸರಿನೋಡುತ್ತದೆ. ಆದರೆ ಇದಕ್ಕೊಂದು ಕಟ್ಟುಪಾಡುಂಟು: ನಡುವೆ ನಿಲ್ಲುವವನು ಡಿಸ್ಕುಗಳನ್ನು ಮರೆಮಾಡದೆ, ಇದ್ದುದನ್ನು ಇದ್ದಂತೆ ತೋರಿಸಬೇಕು.

ಈ ವಿವೇಕವನ್ನು ಕಟ್ಟಿಕೊಂಡು ನಾವು ಹೊಸ ಉಗ್ರಾಣಿಯನ್ನು ಹುಡುಕುವುದಕ್ಕೆ ಹೊರಟೆವು. ೨೦೧೭ರಲ್ಲಿ ಮೆಟ್ರೋದ ಹಸಿರು ಮಾರ್ಗ ನಮ್ಮ ಕಡೆಗೆ ಬಂದಮೇಲೆ ಜಯನಗರದಿಂದ ಚಿಕ್ಕಪೇಟೆ ಐದನೆಯ ನಿಲ್ದಾಣ; ಅಲ್ಲಿಂದ ಎಸ್.ಪಿ. ರಸ್ತೆಗೆ ನಡೆದುಹೋಗಬಹುದು. ಅಲ್ಲಿಯ ಗಲ್ಲಿಗಳಲ್ಲಿ ಅಂಗಡಿಗಳ ಮುಂದೆ ನಿಂತು ವಿಚಾರಿಸಿದುದರಲ್ಲಿ ಮೂರು ಬಗೆಯ ಅಭ್ಯರ್ಥಿಗಳು ನಮ್ಮೆದುರಿಗೆ ಬಂದಂತಾಯಿತು.

ಮೊದಲನೆಯದು, ಒಂದೇ ಕಾರ್ಡಿನ ಮೇಲೆ ಹತ್ತು, ಹದಿನಾರು, ಇಪ್ಪತ್ತು ಬಾಗಿಲುಗಳನ್ನು ತೋರಿಸುವ ಅಗ್ಗದ ಸಾಮಾನು. ನೋಡುವುದಕ್ಕೆ ಭರ್ಜರಿ. ಆದರೆ ಬಾಗಿಲುಗಳೆಷ್ಟಿದ್ದರೇನು, ಅವೆಲ್ಲ ಸೇರುವ ಓಣಿ ಎಷ್ಟು ಅಗಲವೆಂಬುದನ್ನು ಕೇಳಬೇಕು. ಈಗಿನ ಡಿಸ್ಕೊಂದು ಕ್ಷಣಕ್ಕೆ ಸುಮಾರು ೨೦೦ರಿಂದ ೨೫೦ ಮೆಗಾಬೈಟುಗಳನ್ನು ಕೊಡಬಲ್ಲುದು. ಹತ್ತು ಡಿಸ್ಕುಗಳು ಒಟ್ಟಿಗೆ ಕೊಟ್ಟರೆ ೨,೦೦೦ಕ್ಕೆ ಮೇಲಾಯಿತು. ಪಿಸಿಐ ಎಕ್ಸ್‌ಪ್ರೆಸ್ಸಿನ ಎರಡನೆಯ ತಲೆಮಾರಿನ ಒಂದು ಓಣಿಯಲ್ಲಿ ೫೦೦, ಮೂರನೆಯ ತಲೆಮಾರಿನ ಒಂದು ಓಣಿಯಲ್ಲಿ ೯೮೫ರಷ್ಟು ಮಾತ್ರ ಸಾಗುತ್ತದೆ. ಇಂತಹ ಎಷ್ಟೋ ಕಾರ್ಡುಗಳಿಗಿರುವುದು ಒಂದೇ ಓಣಿ. ಒಂದು ಸಿನಿಮಾ ನೋಡುವುದಕ್ಕೆ ಇದೇನೂ ಅಡ್ಡಿಯಲ್ಲ. ಆದರೆ ಒಂದು ಡಿಸ್ಕು ಕೆಟ್ಟು, ಹೊಸದನ್ನು ತುಂಬಿಸುವಾಗ ಉಳಿದ ಡಿಸ್ಕುಗಳೆಲ್ಲ ಒಟ್ಟಿಗೆ ಓಡಬೇಕು. ಆಗ ಮುಗಿಯಬೇಕಾದ ಕೆಲಸ ದಿನಗಟ್ಟಲೆ ಎಳೆಯುತ್ತದೆ. ಅಪಾಯವೂ ಅಷ್ಟು ದಿನ ಉಳಿಯುತ್ತದೆ. ಸಾಲದುದಕ್ಕೆ, ಒಂದೇ ಬಾಗಿಲನ್ನು ಹಲವಾಗಿ ಸೀಳುವ ಪೋರ್ಟ್ ಮಲ್ಟಿಪ್ಲಯರ್ ಇರುವ ಕಾರ್ಡುಗಳಲ್ಲಿ ಒಂದು ಡಿಸ್ಕು ಮೊಂಡುಬಿದ್ದರೆ ಪಕ್ಕದವೂ ನಿಂತುಹೋಗುವುದುಂಟು.

ಎರಡನೆಯದು, ಎಎಸ್‌ಎಂ ೧೧೬೬ ಎಂಬ ಚಿಪ್ಪನ್ನುಳ್ಳ ಸಣ್ಣ ಕಾರ್ಡು. ಮೂರನೆಯ ತಲೆಮಾರಿನ ಎರಡು ಓಣಿ, ಆರು ಬಾಗಿಲು. ವಿದ್ಯುಚ್ಛಕ್ತಿಯ ಖರ್ಚು ಅತ್ಯಲ್ಪ. ಆರು ಡಿಸ್ಕುಗಳಿಗೆ ಇಷ್ಟು ಅಗಲ ಸಾಕು. ಅಷ್ಟರಲ್ಲೇ ತೃಪ್ತರಾಗುವವರು ಇದನ್ನು ಕೊಳ್ಳಬಹುದೆಂದು ಹೇಳುವುದಕ್ಕೆ ನಮಗೆ ಸಂಕೋಚವಿಲ್ಲ.

ಮೂರನೆಯದು, ಹೋಸ್ಟ್ ಬಸ್ ಅಡಾಪ್ಟರ್ ಎಂಬ ಜಾತಿಯದು. ದೊಡ್ಡ ಕಚೇರಿಗಳ ಸರ್ವರುಗಳಲ್ಲಿ ದುಡಿದು ನಿವೃತ್ತಿ ಹೊಂದಿ ಬಂದದ್ದು. ನಾವು ನೋಡಿದುದು ಎಲ್‌ಎಸ್‌ಐ ೯೨೧೧-೮ಐ. ಎಂಟು ಬಾಗಿಲು, ಎರಡನೆಯ ತಲೆಮಾರಿನ ಎಂಟು ಓಣಿ, ಎಂದರೆ ಕ್ಷಣಕ್ಕೆ ೪,೦೦೦ ಮೆಗಾಬೈಟಿನ ಅಗಲ. ಸ್ಯಾಸ್ ಡಿಸ್ಕುಗಳಿಗಾಗಿ ಮಾಡಿದುದಾದರೂ ಸಾಟಾ ಡಿಸ್ಕುಗಳನ್ನೂ ನಡೆಸುತ್ತದೆ. ಎಲ್‌ಎಸ್‌ಐ ಸಂಸ್ಥೆ ೨೦೧೪ರಲ್ಲಿ ಅವಾಗೋ ಸಂಸ್ಥೆಯ ಕೈಸೇರಿತು. ಆ ಸಂಸ್ಥೆ ೨೦೧೬ರಲ್ಲಿ ಬ್ರಾಡ್‌ಕಾಮ್ ಎಂಬ ಹೆಸರನ್ನು ತಳೆಯಿತು. ಇದೇ ಚಿಪ್ಪಿನ ಕಾರ್ಡುಗಳು ಐಬಿಎಂ ಎಂ೧೦೧೫, ಡೆಲ್ ಎಚ್೨೦೦ ಎಂಬ ಹೆಸರುಗಳಲ್ಲಿಯೂ ಸಿಕ್ಕುತ್ತವೆ.

ಈ ಉಗ್ರಾಣಿಗೆ ಎರಡು ವೇಷಗಳುಂಟು. ಐಆರ್ ಎಂಬ ಫರ್ಮ್‌ವೇರನ್ನು ತುಂಬಿದರೆ ತಾನೂ ಸ್ವಲ್ಪ ಯಜಮಾನಿಕೆ ಮಾಡುತ್ತಾನೆ. ಐಟಿ ಎಂಬುದನ್ನು ತುಂಬಿದರೆ ಬಾಗಿಲು ತೆರೆದು ಪಕ್ಕಕ್ಕೆ ನಿಲ್ಲುತ್ತಾನೆ. ನಮಗೆ ಬೇಕಾದುದು ಎರಡನೆಯದು. ಅದರ ೨೦.೦೦.೦೭.೦೦ ಎಂಬ ಆವೃತ್ತಿಯನ್ನು ತುಂಬಿಸಿದೆವು. ಹೆಸರು ನಕಲುಮಾಡಿದ ಕಾರ್ಡುಗಳೂ ಪೇಟೆಯಲ್ಲಿರುವುದರಿಂದ, ಯಂತ್ರಕ್ಕೆ ಹಾಕಿ ತೋರಿಸಿದಮೇಲೆಯೇ ಹಣ ಕೊಡುವುದು ಲೇಸು.

ಆರು ಬಾಗಿಲಿನ ಕಾರ್ಡು ಸಾಕಾಗಿರುವಲ್ಲಿ ಎಂಟರದೇಕೆ ಎಂದು ವಾಚಕರು ಕೇಳಬಹುದು. ಈ ಕಾರ್ಡು ಸುಮಾರು ೧೦ ವಾಟು ನುಂಗುತ್ತದೆ. ವರ್ಷಪೂರ್ತಿ ಉರಿದರೆ ಸುಮಾರು ೮೮ ಯೂನಿಟ್ಟು. ಮನೆಯವರು ಈ ಲೆಕ್ಕವನ್ನು ಹಾಕಿಯೇ ಕೇಳಿದರು. ನಮ್ಮ ಉತ್ತರ ಇಷ್ಟೆ: ಮೂಲಫಲಕದ ಆರು, ಕಾರ್ಡಿನ ಎಂಟು, ಒಟ್ಟು ಹದಿನಾಲ್ಕು, ಡಿಸ್ಕುಗಳು ಹನ್ನೆರಡು. ಎರಡು ಬಾಗಿಲು ಖಾಲಿ. ಯಾವುದಾದರೂ ಡಿಸ್ಕು ಸಾಯುವ ಸೂಚನೆ ತೋರಿದರೆ, ಅದನ್ನು ಕೀಳುವುದಕ್ಕೆ ಮೊದಲೇ ಹೊಸದನ್ನು ಪಕ್ಕದಲ್ಲಿ ಕೂರಿಸಿ, ಹಳೆಯದರಲ್ಲಿ ಉಸಿರಿರುವಾಗಲೇ ಅದರ ಹೊರೆಯನ್ನು ಇಳಿಸಿಕೊಳ್ಳಬಹುದು. ಅತಿಥಿಗೆಂದು ಒಂದು ಎಲೆ ಹೆಚ್ಚಿಗೆ ಹಾಕುವ ಮನೆಯಲ್ಲಿ ಈ ಮಾತನ್ನು ವಿವರಿಸಿ ಹೇಳಬೇಕಾಗಲಿಲ್ಲ.

ಕೂರಿಸುವಾಗ ಎರಡು ಪಾಠಗಳಾದುವು. ಒಂದು ಕೊನೆಯಲ್ಲಿ ಒಂದೇ ಬಾಯಿ, ಇನ್ನೊಂದು ಕೊನೆಯಲ್ಲಿ ನಾಲ್ಕು ಕವಲುಗಳಿರುವ ಕೇಬಲ್ಲು ಇದಕ್ಕೆ ಬೇಕು. ಅದರಲ್ಲಿ ಮುಮ್ಮುಖ, ಹಿಮ್ಮುಖ ಎಂದು ಎರಡು ಬಗೆ. ಕಣ್ಣಿಗೆ ಎರಡೂ ಒಂದೇ. ನಾವು ಆತುರದಲ್ಲಿ ಹಿಮ್ಮುಖದ್ದನ್ನು ತಂದು, ಒಂದು ಡಿಸ್ಕೂ ಕಾಣಿಸದೆ ಗಾಬರಿಯಾಗಿ, ಮಾರನೆಯ ದಿನ ಮತ್ತೆ ಚಿಕ್ಕಪೇಟೆಯ ದಾರಿ ಹಿಡಿದೆವು. ಇನ್ನೊಂದು, ಶಾಖ. ಕಚೇರಿಯ ಸರ್ವರುಗಳಲ್ಲಿ ಸದಾ ಬೀಸುವ ಗಾಳಿಗೆ ಒಗ್ಗಿದ ಕಾರ್ಡು ಇದು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಅದನ್ನು ಹಾಗೆಯೇ ಬಿಟ್ಟರೆ ಬೆಂದುಹೋದೀತು. ೨೦೧೬ರ ಏಪ್ರಿಲಿನಲ್ಲಿ ೩೯.೨ ಡಿಗ್ರಿಯನ್ನು ಕಂಡ ಊರು ನಮ್ಮದು. ತಂಪಿನ ಬೆಂಗಳೂರೆಂದು ನಂಬಿ ಕೂರುವಂತಿಲ್ಲ. ಅದರ ನೆತ್ತಿಯ ಮೇಲೆ ಸಣ್ಣ ಫ್ಯಾನೊಂದನ್ನು ಕಟ್ಟಿದೆವು.

ಎಲ್ಲ ಮುಗಿದಮೇಲೆ ಒಂದು ಪರೀಕ್ಷೆ ಮಾಡಿದೆವು. ಯಂತ್ರವನ್ನು ನಿಲ್ಲಿಸಿ, ಡಿಸ್ಕುಗಳ ಕೇಬಲ್ಲುಗಳನ್ನೆಲ್ಲ ಕಿತ್ತು, ಬೇಕೆಂದೇ ಅದಲುಬದಲು ಮಾಡಿದೆವು. ಮೂಲಫಲಕದಲ್ಲಿದ್ದುದು ಕಾರ್ಡಿಗೆ, ಕಾರ್ಡಿನದು ಮೂಲಫಲಕಕ್ಕೆ. ಗುಂಡಿ ಒತ್ತಿದೆವು. ಹನ್ನೆರಡೂ ತಮ್ಮ ತಮ್ಮ ಹೆಸರು ಹೇಳಿಕೊಂಡು ತಮ್ಮ ಪಂಕ್ತಿಯಲ್ಲಿ ಕುಳಿತುವು. ನಾಳೆ ಈ ಉಗ್ರಾಣಿ ಸತ್ತರೆ ಬೇರೊಬ್ಬ ಬಂದಾನು, ಕಣಜ ಇರುತ್ತದೆ. ನಾವು ಕೊಂಡುಕೊಂಡದ್ದು ಈ ಧೈರ್ಯವನ್ನು.

ಹಾಗೆಂದು ಪೂರ್ತಿ ನಿಶ್ಚಿಂತರಾದೆವೆಂದಲ್ಲ. ಬೆಂಕಿ, ಸಿಡಿಲು, ಕಳ್ಳರು, ನಮ್ಮದೇ ಕೈತಪ್ಪು, ಇವುಗಳ ಮುಂದೆ ಎಂಥ ಕಾರ್ಡೂ ನಿಲ್ಲಲಾರದು. ಆದುದರಿಂದ ತಿಂಗಳಿಗೊಮ್ಮೆ ಮುಖ್ಯವಾದುದರ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ತುಂಬಿ, ಬನಶಂಕರಿಯಲ್ಲಿರುವ ನಮ್ಮ ತಂಗಿಯ ಮನೆಗೆ ಕೊಂಡೊಯ್ದು, ಹಳೆಯದನ್ನು ತರುತ್ತೇವೆ. ಹೋದ ಸಲ ಹೋದಾಗ ಅವಳು ಅದನ್ನು ಬೀರುವಿನಲ್ಲಿಡುವುದಕ್ಕೆ ಮೊದಲು, ಒಮ್ಮೆ ಹಾಕಿ ಎಂದಳು. ಹಾಕಿದೆವು. ಹಾಡು ಅರ್ಧಕ್ಕೆ ನಿಂತಿತು. ‘ತಾಳು, ಬಂತು’ ಎಂದು ತಾಯಿಯವರು ಹೇಳಿದರು. ನಾವಿಬ್ಬರೂ ತಾಳಿಕೊಂಡು ಕುಳಿತೆವು.